ಕಪ್ ಗೆಲ್ಲದ ಕೋಚ್

ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ಅಂದ ಕೂಡಲೇ ಈಗ ಎಲ್ಲರೂ ಸರಿನಾ ವೀಗ್ಮನ್ ಹೆಸರು ಹೇಳುತ್ತಾರೆ. ಸರಿಯೇ, ಕೋಚ್ ಆಗಿ 2022ರಲ್ಲಿ ಯೂರೋ, ಅಂದರೆ ಯುರೋಪಿನ ದೇಶಗಳ ಕಪ್, ಗೆಲ್ಲಿಸಿದವರು ಅವರು. ನಾನು ಮಾತ್ರ ಹಿಂದೆ ಅದೇ ತಂಡದ ಕೋಚ್ ಆಗಿದ್ದ ಹೋಪ್ ಪೊವೆಲ್ ಪಕ್ಷ. "ಏನು ಗೆದ್ದಿದ್ದಾರೆ ಅವರು?" ಅಂತ ಗೆಳೆಯರು ಕಾಲೆಳೆಯುತ್ತಾರೆ. ದೊಡ್ಡ ಕಪ್ ಒಂದೂ ಇಲ್ಲ, ನಿಜ.

ಆದರೆ ಅವರ ಕೈಗೆ ಸಿಕ್ಕಿದ್ದಾದರೂ ಏನು? 1921ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡಕೂಡದು ಅಂದಿತ್ತು. ಆ ನಿಷೇಧ ಸುಮಾರು 50 ವರ್ಷ ನಡೆಯಿತು. ಅದು ಹೋಗುವಾಗ ಪೊವೆಲ್ ಲಂಡನ್ನಿನಲ್ಲಿ ಇನ್ನೂ ಪುಟ್ಟ ಹುಡುಗಿ. 16ಕ್ಕೇ ದೇಶಕ್ಕೆ ಆಡಿದರು. ಮಿಡ್‌ಫೀಲ್ಡರ್, 66 ಪಂದ್ಯ, 35 ಗೋಲು. 1998ರಲ್ಲಿ, ಬರೀ 31ನೇ ವಯಸ್ಸಿನಲ್ಲಿ, ಇಂಗ್ಲೆಂಡ್ ಮಹಿಳಾ ತಂಡದ ಮೊದಲ ಪೂರ್ಣಾವಧಿ ಕೋಚ್ ಆದರು. ಆ ಕುರ್ಚಿಗೆ ಬಂದ ಮೊದಲ ಹೆಂಗಸು, ಮೊದಲ ಕಪ್ಪು ವರ್ಣೀಯರೂ ಅವರೇ. ಮೊನ್ನೆ ಮೊನ್ನೆ ಜೊತೆಗೆ ಆಡಿದವರನ್ನೇ ತಂಡದಿಂದ ಕೈಬಿಡಬೇಕಾದ ಕೆಲಸ ಅದು. ಯಾರಿಗೆ ಬೇಕು ಹೇಳಿ!

2003ರಲ್ಲಿ ಯುಇಎಫ್‌ಎ ಪ್ರೊ ಲೈಸೆನ್ಸ್, ಅಂದರೆ ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಅತಿ ದೊಡ್ಡ ಕೋಚಿಂಗ್ ಅರ್ಹತೆ, ಪಡೆದರು, ಮಹಿಳೆಯರಲ್ಲಿ ಮೊದಲಿಗರಾಗಿ. ಹಿರಿಯರ ತಂಡದ ಜೊತೆಗೆ ಕಿರಿಯರ ತಂಡಗಳನ್ನೂ ನೋಡಿಕೊಂಡರು. ನನಗೆ ಜಾಸ್ತಿ ಮುಖ್ಯ ಅನಿಸುವುದು 2009. ಆ ವರ್ಷ ಆಟಗಾರ್ತಿಯರಿಗೆ ವರ್ಷಕ್ಕೆ 16,000 ಪೌಂಡಿನ ಒಪ್ಪಂದ ಸಿಕ್ಕಿತು. ದೊಡ್ಡ ಮೊತ್ತವಲ್ಲ. ಆದರೆ ಇಡೀ ದಿನ ಬೇರೆ ಕೆಲಸ ಮಾಡಿ, ಸುಸ್ತಾಗಿ ಸಂಜೆ ಅಭ್ಯಾಸಕ್ಕೆ ಬರುವುದು ಕೊಂಚ ತಪ್ಪಿತು ಅಲ್ವಾ? ಅದೇ ವರ್ಷ ಯೂರೋ ಫೈನಲ್ ತಲುಪಿ ಜರ್ಮನಿಗೆ 6-2ರಲ್ಲಿ ಸೋತರು.

2012ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡಕ್ಕೂ ಅವರೇ ಕೋಚ್. ವೆಂಬ್ಲಿಯಲ್ಲಿ ಬ್ರೆಜಿಲ್ ವಿರುದ್ಧದ ಪಂದ್ಯ ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಶುರುವಾಯಿತು. ಎರಡನೇ ನಿಮಿಷಕ್ಕೇ ಸ್ಟೆಫ್ ಹೌಟನ್ ಗೋಲು! ಟಿವಿ ಸದ್ದು ತಗ್ಗಿಸಿಕೊಂಡು ಕೂತಿದ್ದ ನಾನು ಕೂಗಿಯೇಬಿಟ್ಟೆ. 70,584 ಜನ ಬಂದಿದ್ದರು, ಹೆಂಗಸರ ಪಂದ್ಯಕ್ಕೆ. ಮುಂದೆ ಕೆನಡಾ ಎದುರು ಸೋತಿದ್ದು ಬೇರೆ ಮಾತು.

ಅವರದ್ದೆಲ್ಲ ಸರಿ ಅನ್ನುತ್ತಿಲ್ಲ. 2011ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ವಿರುದ್ಧ ಶೂಟೌಟ್‌ನಲ್ಲಿ ಸೋತ ಮೇಲೆ, ಪೆನಾಲ್ಟಿ ಒದೆಯಲು ಬೇಗ ಮುಂದೆ ಬರಲಿಲ್ಲ ಎಂದು ತಮ್ಮ ಆಟಗಾರ್ತಿಯರನ್ನೇ ಪತ್ರಿಕೆಯಲ್ಲಿ ದೂರಿದರು. ಆ ಮಾತು ಡ್ರೆಸ್ಸಿಂಗ್ ರೂಮಿನಲ್ಲೇ ಮುಗಿಯಬೇಕಿತ್ತು. 2013ರ ಯೂರೋದಲ್ಲಿ ಗುಂಪಿನ ಹಂತದಲ್ಲೇ ಹೊರಬಿದ್ದಾಗ, 15 ವರ್ಷದ ಕೆಲಸ ಹೋಯಿತು. ಆಮೇಲೆ ಬ್ರೈಟನ್ ಕ್ಲಬ್‌ನಲ್ಲಿ ಐದು ವರ್ಷ.

ಅವರ ಒಲಿಂಪಿಕ್ಸ್ ತಂಡದ ನಾಯಕಿ ಕೇಸಿ ಸ್ಟೋನಿ 2018ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮಹಿಳಾ ತಂಡದ ಕೋಚ್ ಆದರು. ಮೊದಲ ಸೀಸನ್‌ನಲ್ಲೇ ಲೀಗ್ ಗೆದ್ದು ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು. ಗೆಳೆಯರ ಪ್ರಶ್ನೆಗೆ ನಾನು ಈಗ ಹೇಳುವುದು ಇದನ್ನೇ.