ಬೇಡವಾದ ಕಾಲು

ನೆಟ್ಟಗಿರುವ ಎಡಗಾಲು ತನ್ನದಲ್ಲವೆಂದು, ಅದನ್ನು ತೊಡೆಯ ನಡುವೆ ಕತ್ತರಿಸಿದ ಹೊರತು ತನ್ನ ದೇಹ ಪೂರ್ಣವಾಗದೆಂದು ಚಿಕ್ಕಂದಿನಿಂದಲೂ ಅನ್ನಿಸುತ್ತ ಬಂದಿರುವ ಮನುಷ್ಯನನ್ನು ಹುಚ್ಚನೆಂದು ಕರೆದುಬಿಡುವುದು ಸುಲಭ. ಆದರೆ ಅವನಿಗೆ ಭ್ರಮೆಯಿಲ್ಲ. ಕಾಲು ಆರೋಗ್ಯವಾಗಿದೆಯೆಂಬುದೂ ತನ್ನ ಬಯಕೆ ಲೋಕಕ್ಕೆ ವಿಚಿತ್ರವೆಂಬುದೂ ಅವನಿಗೆ ಗೊತ್ತು. ಗೊತ್ತಿರುವುದರಿಂದಲೇ ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಬಾಗಿಲು ಹಾಕಿಕೊಂಡು ಕಾಲನ್ನು ಮಡಚಿ ಕಟ್ಟಿ ಊರುಗೋಲಿನ ಮೇಲೆ ಓಡಾಡಿದ ಅಷ್ಟು ಹೊತ್ತು ಮಾತ್ರ ಸಮಾಧಾನ ಕಾಣುತ್ತಾನೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ಬಾಡಿ ಇಂಟೆಗ್ರಿಟಿ ಡಿಸ್ಫೋರಿಯಾ ಎಂಬ ಹೆಸರಿದೆ.

ಕೊಡಗಿನಲ್ಲಿ ಈ ವಿಷಯ ಇನ್ನಷ್ಟು ಕಟುವಾಗಿ ಕೇಳಿಸುತ್ತದೆ. ಇಳಿಜಾರಿನ ಕಾಫಿ ತೋಟದಲ್ಲಿ ದುಡಿಯುವವರಿಗೆ ಕಾಲಿದ್ದರೆ ತಾನೇ ಕೂಲಿ. ಮರಗಸಿಗೆಂದು, ಅಂದರೆ ನೆರಳಿನ ಮರಗಳ ಕೊಂಬೆ ಸವರಲೆಂದು, ಸಿಲ್ವರ್ ಮರ ಹತ್ತಿ ಬಿದ್ದು ಕಾಲು ಕಳೆದುಕೊಂಡವರೊಬ್ಬರು ಸುಂಟಿಕೊಪ್ಪದ ಕಡೆ ನಮ್ಮ ಪಕ್ಕದ ತೋಟದಲ್ಲಿ ಕಾರ್ಮಿಕರ ಲೈನ್ ಮನೆಯಲ್ಲಿದ್ದಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಅವರು ಊರುಗೋಲಿನ ರಬ್ಬರ್ ತುದಿಯನ್ನು ಮೊದಲು ಒತ್ತಿ ನೋಡಿ, ಜಾರದೆಂದು ಖಾತ್ರಿಯಾದ ಮೇಲಷ್ಟೇ ಮೈಭಾರ ಬಿಡುತ್ತಾರೆ. ಅವರೆದುರು ಇಂಥ ಬಯಕೆಯ ಮಾತೆತ್ತಲು ನನಗೆ ಬಾಯಿ ಬರುವುದಿಲ್ಲ. ಆದರೂ ಒಬ್ಬರ ನಷ್ಟವನ್ನು ಮುಂದೊಡ್ಡಿ ಇನ್ನೊಬ್ಬರ ಸಂಕಟವನ್ನು ಅಲ್ಲಗಳೆಯುವುದು ನ್ಯಾಯವಲ್ಲವೆಂದೇ ನಾನು ನಂಬಿದ್ದೇನೆ.

ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರಿದ್ದ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಡವಾದ ಕಾಲನ್ನು ಮುಟ್ಟಿದಾಗ ದೇಹದ ಚಿತ್ರಣವನ್ನು ಕೂಡಿಸಿಕೊಳ್ಳುವ, ಮಿದುಳಿನ ಬಲಭಾಗದ ಪರೈಟಲ್ ಪ್ರದೇಶ ಎಂದಿನಂತೆ ಸ್ಪಂದಿಸುವುದಿಲ್ಲ. ಸ್ಪರ್ಶ ತಿಳಿಯುತ್ತದೆ, 'ನನ್ನದು' ಎಂಬ ಭಾವ ಮಾತ್ರ ಹುಟ್ಟುವುದಿಲ್ಲ. ಪರೀಕ್ಷೆಗೊಳಗಾದವರು ಕೇವಲ 4 ಜನ. ಮಿದುಳಿನ ಈ ವ್ಯತ್ಯಾಸ ಬಯಕೆಗೆ ಕಾರಣವೋ, ದೀರ್ಘಕಾಲದ ಬಯಕೆಯ ಪರಿಣಾಮವೋ ಎಂದು ಅಷ್ಟರಿಂದ ತೀರ್ಮಾನಿಸಲಾಗದು.

ಕತ್ತರಿಸಬಹುದೇ ಎಂಬುದೇ ಕಠಿಣ ಪ್ರಶ್ನೆ. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ 1997 ಮತ್ತು 1999ರಲ್ಲಿ ಇಂಥ ಇಬ್ಬರ ತಲಾ ಒಂದು ಆರೋಗ್ಯವಂತ ಕಾಲನ್ನು ತೆಗೆದರು. ಸುದ್ದಿ ಹೊರಬಿದ್ದ ಮೇಲೆ ಆಸ್ಪತ್ರೆ ಅದನ್ನು ನಿಲ್ಲಿಸಿತು. ಅಮೆರಿಕದ ಮನೋವೈದ್ಯ ಮೈಕೆಲ್ ಫಸ್ಟ್ 2005ರಲ್ಲಿ 52 ಜನರ ಸಂದರ್ಶನಗಳನ್ನು ಪ್ರಕಟಿಸಿದಾಗ, ಬಯಸಿದ ಜಾಗದಲ್ಲೇ ಅಂಗ ಕಳೆದುಕೊಂಡಿದ್ದ 6 ಮಂದಿ ತಾವು ನೆಮ್ಮದಿಯಾಗಿರುವುದಾಗಿ ಹೇಳಿದ್ದರು. ಅಂಗ ನೀಗಿಕೊಳ್ಳಲು ತಾವೇ ಪ್ರಾಣಾಪಾಯದ ದಾರಿ ಹಿಡಿದವರೂ ಆ ಗುಂಪಿನಲ್ಲಿದ್ದರು. 6 ಜನರ ಮಾತನ್ನು ನೆಚ್ಚಿ, ಮತ್ತೆ ಜೋಡಿಸಲಾಗದ ಕಾಲನ್ನು ತೆಗೆಯುವುದನ್ನು ನಾನು ಇಂದಿಗೆ ಒಪ್ಪಲಾರೆ. ಹಾಗೆಂದು ಅವರನ್ನು ಗದರಿಸಿ ಕಳುಹಿಸುವುದನ್ನೂ ಒಪ್ಪಲಾರೆ, ಏಕೆಂದರೆ ಹಾಗೆ ಹೊರಟವರು ಆ ಅಪಾಯದ ದಾರಿಯನ್ನೇ ಹಿಡಿಯಬಹುದು. ಊರುಗೋಲೋ ಗಾಲಿಕುರ್ಚಿಯೋ ನೆಮ್ಮದಿ ಕೊಡುವುದಾದರೆ, ನಾಟಕವೆಂದು ಹಂಗಿಸದೆ ಅದನ್ನು ಬಳಸಲು ಬಿಡಬೇಕು.

ಮಡಿಕೇರಿಯಲ್ಲಿ ಇಂಥವರೊಬ್ಬರು ವೈದ್ಯರ ಮುಂದೆ ಕುಳಿತರೆ, ನಿಮಗೆ ನೀವೇ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಮೊದಲು ಕೇಳಬೇಕು. ಮನೆ ಹೆಸರು ಹೇಳಿದರೆ ಸಾಕು, ಯಾರ ಮಗನೆಂದು ಊರಿಗೆಲ್ಲ ತಿಳಿಯುವ ಜಿಲ್ಲೆ ನಮ್ಮದು. ಆದ್ದರಿಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಗೋಪ್ಯತೆಯ ಹಕ್ಕನ್ನೂ ಅವರಿಗೆ ಅಲ್ಲೇ, ಮಾತು ಶುರುವಾಗುವ ಮುನ್ನವೇ, ಬಿಡಿಸಿ ಹೇಳಬೇಕು.