ಪಾಸ್‌ವರ್ಡ್ ಹೊಡೆದರೆ ಏನೂ ಕಾಣುವುದಿಲ್ಲ

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮಕ್ಕನ ಡಿಟಿಪಿ ಅಂಗಡಿ ಇದೆ. ಅಲ್ಲಿನ ಎರಡು ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು ಹಾಕಿಕೊಟ್ಟೆ. ಅಕ್ಕನ ಕೈ ಪಳಗಿರುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ. ಉಬುಂಟುವಿನಲ್ಲಿ ಅದೇ ವಿನ್ಯಾಸ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ. ಅದಕ್ಕೆ ಐಬಸ್-ಎಂ17ಎನ್ ಎಂಬ ಪ್ಯಾಕೇಜು (ಹಲವು ಭಾಷೆಗಳ ಟೈಪಿಂಗ್ ತಂತ್ರಾಂಶ) ಹಾಕಿಕೊಂಡರೆ ಆಯ್ತು. ಅದನ್ನು ಹಾಕುವುದು ಹೇಗೆಂದು ಮೂರು ಸಾಲಿನ ಚೀಟಿ ಬರೆದಿಟ್ಟು ಬೆಂಗಳೂರು ಬಸ್ಸು ಹತ್ತಿದೆ.

ಹಿರಿಯೂರು ದಾಟುವಷ್ಟರಲ್ಲಿ ಫೋನ್. "ಕೀಬೋರ್ಡೇ ಕೆಟ್ಟೈತೆ ನೋಡೋ. ಪಾಸ್‌ವರ್ಡ್ ಕೇಳ್ತೈತೆ, ಹೊಡೆದ್ರೆ ಒಂದಕ್ಷರಾನೂ ಬೀಳ್ತಿಲ್ಲ." ಅಲ್ಲಿದ್ದ ಉಬುಂಟುವಿನ ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪು ಮಾಡುವ ಕಿಟಕಿಯಲ್ಲಿ, ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿ ಸಹ ಕಾಣುವುದಿಲ್ಲ. ಅಕ್ಕ ಆಗಲೇ ಕೀಬೋರ್ಡ್ ಬದಲಿಸಿ, ಎರಡು ಸಲ ರೀಸ್ಟಾರ್ಟ್ ಮಾಡಿದ್ದಳು. ನನಗೆ ತುಂಬಾ ಬೇಜಾರಾಯಿತು.

ಮುಂದಿನ ಸಲ ಹದಿನಾಲ್ಕು ಪುಟ ಬರೆದೆ. ಪ್ರತಿ ಕ್ಲಿಕ್ಕಿಗೂ ಒಂದು ಚಿತ್ರ. ಅಕ್ಕ ಎರಡು ಪುಟ ತಿರುವಿ ಕೇಳಿದಳು: "ಓಕೆ ಒತ್ತು ಅಂತ ಪರದೆ ಮೇಲೇ ಐತಲ್ಲ, ಮತ್ತೆ ಅದನ್ಯಾಕೆ ಬರೆದಿ?" ನಿಜ ಅಲ್ವಾ? ಪಾಸ್‌ವರ್ಡಿನ ಮಾತು ಆರನೇ ಪುಟದಲ್ಲಿ ಹೂತುಹೋಗಿತ್ತು. ಇನ್ನೊಂದು ಕಂಪ್ಯೂಟರಿನ ಉಬುಂಟು ಬೇರೆ ಆವೃತ್ತಿಯದು, ಹಾಗಾಗಿ ಚಿತ್ರಗಳೂ ಹೊಂದಲಿಲ್ಲ.

ಆಮೇಲೆ ಬರೆಯುವುದನ್ನು ಬಿಟ್ಟು ಅವಳ ಪಕ್ಕ ಸುಮ್ನೆ ಕೂತೆ. ಎಲ್ಲಿ ಅವಳ ಕೈ ನಿಲ್ಲುತ್ತದೆ ಅಂತ ನೋಡುತ್ತಿದ್ದೆ. ನಿಂತದ್ದು ಮೂರೇ ಕಡೆ. ಪಾಸ್‌ವರ್ಡ್ ಮೊದಲನೆಯದು. ಪ್ಯಾಕೇಜು ಹಾಕಿದ ಮೇಲೂ ಕೆಜಿಪಿ ಕೀಲಿಮಣೆಗಳ ಪಟ್ಟಿಗೆ ಬರಲಿಲ್ಲ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕಿತ್ತು. ಬಂದ ಮೇಲೆ ಪಟ್ಟಿಯಲ್ಲಿ ಕನ್ನಡದ ಹೆಸರೇ ನಾಲ್ಕಾರು, ಯಾವುದನ್ನು ಆರಿಸಬೇಕೋ ತಿಳಿಯದೆ ನನ್ನ ಮುಖ ನೋಡಿದಳು.

ಈಗಿನ ಚೀಟಿ ಒಂದೇ ಪುಟ. ಆ ಮೂರು ಕಡೆ ಮಾತ್ರ ಬಿಡಿಸಿ ಬರೆದಿದ್ದೇನೆ. ಟರ್ಮಿನಲ್ ಅಂದರೇನು ಎಂಬ ವಿವರಣೆ ತೆಗೆದುಹಾಕಿದೆ. ಆದರೆ ಪಾಸ್‌ವರ್ಡ್ ಯಾಕೆ ಕಾಣುವುದಿಲ್ಲ ಎಂಬ ಕಾರಣ ಉಳಿಸಿಕೊಂಡೆ: ಪಕ್ಕದಲ್ಲಿ ನಿಂತವರಿಗೆ ಎಷ್ಟು ಅಕ್ಷರ ಎಂಬುದೂ ತಿಳಿಯಬಾರದು. ಕಾರಣ ಗೊತ್ತಿಲ್ಲದಿದ್ದರೆ ಏನೂ ಕಾಣದ ಪರದೆಯನ್ನು ನಂಬಿ ಎಂಟರ್ ಒತ್ತಲು ಯಾರಿಗೂ ಧೈರ್ಯ ಬರುವುದಿಲ್ಲ.

ಕೊನೆಯಲ್ಲೊಂದು ಪರೀಕ್ಷೆ ಸೇರಿಸಿದೆ. ಎಲ್ಲ ಸರಿ ಕೂತಿದೆಯೋ ಇಲ್ಲವೋ ಅವಳಿಗೇ ಗೊತ್ತಾಗಬೇಕಲ್ಲ. ಎ, ಕೆ, ಎಫ್, ಕೆ ಒತ್ತಿ. "ಅಕ್ಕ" ಎಂದು ಮೂಡಬೇಕು.