ಸೂಜಿಗಿಂತ ಮೊದಲು ಹಾಡು

ಇಂಜೆಕ್ಷನ್‌ಗೋ ರಕ್ತಪರೀಕ್ಷೆಗೋ ಬಂದ ಮಗು ಕಿರುಚಲು ಶುರುಮಾಡಿದ ಮೇಲೆ ಮೊಬೈಲ್ ತಡಕಾಡಿ ಹಾಡು ಹಾಕಿದರೆ ಏನೂ ಪ್ರಯೋಜನವಿಲ್ಲ. ಹೊರಗೆ ಬೆಂಚಿನ ಮೇಲೆ ಸರದಿ ಕಾಯುವಾಗಲೇ, ಐದು ನಿಮಿಷ ಮೊದಲೇ ಹಾಕಿ. ಹತ್ತಿ ಒತ್ತಿಕೊಂಡು ಎದ್ದು ಬರುವವರೆಗೂ ನಿಲ್ಲಿಸಬೇಡಿ. ಹಾಡಿನಿಂದ ನೋವು ಮಾಯವಾಗುವುದಿಲ್ಲ. ಗಮನ ಬೇರೆಡೆ ಇದ್ದರೆ ಅದೇ ಚುಚ್ಚು ಸ್ವಲ್ಪ ಕಡಿಮೆ ನೋಯುತ್ತದೆ, ಅಷ್ಟೇ.

ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಜ್ವರ ಬಂತೆಂದರೆ ರಕ್ತಪರೀಕ್ಷೆ ಇದ್ದದ್ದೇ. ತೀರ್ಥಹಳ್ಳಿ, ಹೊಸನಗರದ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಸಿಕ್ಕರೂ ಸೂಜಿ ಇಳಿಯುವ ಹೊತ್ತಿಗೇ ಯೂಟ್ಯೂಬ್‌ನಲ್ಲಿ ಜಾಹೀರಾತು ಬಂದು ಕೂರುತ್ತದೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ.

ಹಾಡು ಚುಚ್ಚಿಸಿಕೊಳ್ಳುವವರ ಆಯ್ಕೆಯಾಗಿರಲಿ. 'ಶಾಂತ ಸಂಗೀತ' ಎಂದು ನಾವು ಹೇರುವ ಕೊಳಲಿಗಿಂತ ಅವರಿಗೆ ಬಾಯಿಪಾಠವಿರುವ ಹಾಡೇ ಕೆಲಸ ಮಾಡುತ್ತದೆ. ಅಜ್ಜ ಯಕ್ಷಗಾನ ಕೇಳಿದರೆ ಹಾಕಿ, ಆದರೆ ಯುದ್ಧದ ಭಾಗ ಬೇಡ. ಚಂಡೆ ಒಮ್ಮೆಲೇ ಏರಿದಾಗ ಬೆಚ್ಚಿ ಕೈ ಎಳೆದುಕೊಂಡರೆ ಸೂಜಿ ನರದಿಂದ ಜಾರಿ, ಮತ್ತೊಂದು ಕಡೆ ಚುಚ್ಚಬೇಕಾಗುತ್ತದೆ. ನಿಧಾನವಾಗಿ ಸಾಗುವ ಭಾಗವತಿಕೆ ಸಾಕು.

ಇಯರ್‌ಫೋನ್ ಒಂದೇ ಕಿವಿಗೆ, ಚುಚ್ಚುವ ಕೈಯ ಎದುರು ಬದಿಗೆ. ಆಗ ವೈರ್ ಅಡ್ಡ ಬರುವುದಿಲ್ಲ, 'ಮುಷ್ಟಿ ಹಿಡೀರಿ' ಎಂದು ಸಿಸ್ಟರ್ ಹೇಳಿದ್ದೂ ಕೇಳಿಸುತ್ತದೆ. ಚಿಕ್ಕ ಮಕ್ಕಳಿಗೆ ಸ್ಪೀಕರ್, ಇಲ್ಲವೇ ಅಮ್ಮನ ದನಿಯೇ ಸಾಕು. ಒಂದೂವರೆ ತಿಂಗಳ ಲಸಿಕೆಗೆ ಬಂದ ಕೂಸಿಗೆ ಮಾತ್ರ ಹಾಡಿಗಿಂತ ಎದೆಹಾಲು ಮೇಲು: ಬಾಯಿಗೆ ಹಾಕುವ ಹನಿಗಳು ಮುಗಿದ ಮೇಲೆ ಹಾಲು ಕುಡಿಯುತ್ತಿರುವಾಗಲೇ ಇಂಜೆಕ್ಷನ್ ಕೊಡಿಸಿ.

ಮಳೆಗಾಲದಲ್ಲಿ ಕೈ ತಣ್ಣಗಾಗಿ ನರ ಸಿಗುವುದಿಲ್ಲ. ಸರದಿ ಕಾಯುವ ಆ ಐದು ನಿಮಿಷದಲ್ಲಿ ಅಂಗೈ, ಮೊಣಕೈ ಬಿಸಿಮಾಡಿಕೊಳ್ಳಿ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಾದರೂ ನಡೆಯುತ್ತದೆ. ಸ್ಪಿರಿಟ್ ಒರೆಸಿದ ಮೇಲೆ ಅರ್ಧ ನಿಮಿಷ ಆರಲು ಬಿಡಿ. ಹಸಿಯಲ್ಲೇ ಚುಚ್ಚಿದರೆ ಉರಿಯುತ್ತದೆ, ಆ ಉರಿಗೆ ಯಾವ ರಾಗವೂ ಇಲ್ಲ.

ಹಿಂದೆ ಸೂಜಿ ಚುಚ್ಚಿದಾಗ ತಲೆಸುತ್ತಿ ಬಿದ್ದವರು ಹಾಡನ್ನು ನಂಬಿ ಕೂರಬಾರದು. ಆ ತಲೆಸುತ್ತು ಬಿಪಿ ಇಳಿಯುವುದರಿಂದ ಆಗುವಂಥದ್ದು. ಮೊದಲೇ ಹೇಳಿ ಮಲಗಿಯೇ ತೆಗೆಸಿಕೊಳ್ಳಿ, ತೊಡೆ-ಮೀನಖಂಡ ಬಿಗಿಹಿಡಿದು ಬಿಡುತ್ತಿರಿ.

ಡಯಾಲಿಸಿಸ್‌ನವರ ಕಥೆಯೇ ಬೇರೆ: ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಎರಡು ದಪ್ಪ ಸೂಜಿ. ಅಷ್ಟೂ ಸಲಕ್ಕೆ ಒಂದೇ ಹಾಡಾದರೆ ಕೊನೆಗೆ ಆ ಹಾಡು ಕೇಳಿದರೇ ಸೂಜಿ ನೆನಪಾಗಬಹುದು. ಹಾಡು ಬದಲಿಸುತ್ತಿರಿ. ಮರಗಟ್ಟಿಸುವ ಮುಲಾಮು ಬೇಕೇ ಎಂದು ಡಾಕ್ಟರನ್ನು ಕೇಳಿ. ಅದನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕಾಗುತ್ತದೆ.